ಹುಳುಮನೆಯ ಸಿನಿಮಾ, ಅಜ್ಜಿಯ ಪಾಲು

ನಿನ್ನೆಯ ಎಪಿಸೋಡು ನನಗೆ ಒಂಚೂರೂ ಹಿಡಿಸಲಿಲ್ಲ. ಆ ಮನೆಯ ದೊಡ್ಡ ಸೊಸೆ ಬೀಗರ ಬಳಗಕ್ಕೆಲ್ಲ ಒಬ್ಬಳೇ ಹಬ್ಬದಡುಗೆ ಮುಗಿಸಿ ಹೊರಗೆ ಬರುತ್ತಾಳೆ. ಸೀರೆಯ ನೆರಿಗೆ ಕದಲಿಲ್ಲ, ಹಣೆಯ ಮೇಲೆ ಒಂದು ಹನಿ ಬೆವರಿಲ್ಲ, ಬೆರಳಿಗೆ ಅರಿಸಿನವಾದರೂ ಅಂಟಿದೆಯೇ ಎಂದರೆ ಅದೂ ಇಲ್ಲ. ಅತ್ತೆ ಎಂಬಾಕೆ ರೇಷ್ಮೆ ಸೀರೆ ಉಟ್ಟು, ಕೊರಳ ತುಂಬ ಒಡವೆ ಹೇರಿಕೊಂಡೇ ಮಲಗುತ್ತಾಳೆ. ಯಾರಾದರೂ ಒಂದು ಮಾತು ಅಂದರೆ ಸಾಕು, ಗುಡುಗು ಹೊಡೆಯುತ್ತದೆ, ಒಬ್ಬೊಬ್ಬರ ಮುಖವನ್ನೂ ಹತ್ತಿರಕ್ಕೆ ತಂದು ತೋರಿಸುತ್ತಾರೆ, ಮತ್ತೆ ಗುಡುಗು. ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಾಗಿದ್ದರೆ ಜಗಳ ಶುರುವಾಗಿ, ಮುಗಿದು, ಮುದ್ದೆ ತಿರುವಿ, ಎಲ್ಲರೂ ಉಂಡು ಕೈ ತೊಳೆದಿರುತ್ತಿದ್ದರು. ಇದನ್ನೆಲ್ಲ ನಾನು ಮನಸ್ಸಿನಲ್ಲಿಟ್ಟುಕೊಂಡು ಕೂರುವವಳಲ್ಲ, ಆಗಿಂದಾಗಲೇ ಹೇಳಿಬಿಡುತ್ತೇನೆ. ರಿಮೋಟು ಹಿಡಿದುಕೊಂಡು ಪಕ್ಕದಲ್ಲಿ ಕೂತ ಮೊಮ್ಮಗಳು ಧನ್ಯಳಿಗೆ ಸಿಟ್ಟು ಬರುತ್ತದೆ.

“ಅಜ್ಜೀ, ಸುಮ್ನಿರು. ಡೈಲಾಗ್ ಕೇಳಿಸ್ತಿಲ್ಲ.”

“ಅದ್ರಲ್ಲಿ ಕೇಳೋದೇನೈತೆ? ಅವಳು ಬಾಗ್ಲು ಹಿಂದೆ ನಿಂತ್ಕೊಂಡು ಅರ್ಧ ಕೇಳಿಸ್ಕೋತಾಳೆ, ಅರ್ಧ ಬಿಟ್ಬಿಡ್ತಾಳೆ. ಪೂರ್ತಿ ಕೇಳಿಸ್ಕೊಂಡಿದ್ರೆ ಈ ಸೀರಿಯಲ್ ಇವತ್ತೇ ಮುಗಿದೋಗೋದು.”

“ಹಂಗಾದ್ರೆ ನೀನು ನೋಡ್ಬೇಡ.”

“ನೋಡ್ದೆ ಹೆಂಗಮ್ಮ ಬೈಲಿ?”

ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಒತ್ತಕ್ಷರ ಬಂದರೆ ಈಗಲೂ ಪೆನ್ನು ತಡೆಯುತ್ತದೆ. ಆದರೆ ಸಿನಿಮಾ ನೋಡುವುದು, ನೋಡಿದ್ದನ್ನು ಅಳೆದು ತೂಗಿ ಇದು ಸರಿ, ಇದು ಸರಿಯಿಲ್ಲ ಎಂದು ಹೇಳುವುದು, ಇದನ್ನು ಮಾತ್ರ ನಾನು ಚೆನ್ನಾಗಿ ಕಲಿತಿದ್ದೇನೆ. ಕಲಿತದ್ದು ಎಲ್ಲಿ ಎಂದರೆ ಇದೇ ಕೋಣೆಯಲ್ಲಿ, ಈಗ ಟೀವಿ ಕೂತಿರುವ ಗೋಡೆಯ ಬುಡದಲ್ಲಿ. ಆಗ ಇದು ನಮ್ಮ ಹುಳುಮನೆ. ಕಳೆದ ಭಾನುವಾರದಿಂದ ನನಗೆ ಈ ಕೋಣೆಯನ್ನು ನೋಡಿದಾಗಲೆಲ್ಲ ನಗು ಬರುತ್ತಿದೆ, ಯಾರೂ ಇಲ್ಲದಾಗಲೂ ಬರುತ್ತಿದೆ. ಮಗ ಬಂದು, “ನಗು ಇನ್ನೂ ನಿಂತಿಲ್ವೇನಮ್ಮ?” ಎಂದು ಹಣೆ ಮುಟ್ಟಿ ನೋಡಿದ. ಏನಾಯಿತು ಎಂದು ಹೇಳಬೇಕಾದರೆ ನಮ್ಮ ಅಜ್ಜಿಯಿಂದ ಹೇಳಬೇಕು, ಅವಳ ಹುಳುಗಳಿಂದ ಹೇಳಬೇಕು.

ದೇವರಾಯಸಮುದ್ರದ ಕಡೆಯಿಂದ ಬಂದರೆ ನಮ್ಮೂರಿನಲ್ಲಿ ಮೊದಲು ಸಿಗುವುದೇ ನಮ್ಮ ಮನೆ. ಬೀದಿಗೆ ಜಗಲಿ, ಒಳಗೆ ಸಣ್ಣ ಅಂಗಳ, ಅದರಾಚೆ ಅಡುಗೆಮನೆ, ಅಡುಗೆಮನೆಗೆ ಬೆನ್ನು ಕೊಟ್ಟುಕೊಂಡು ಹಿತ್ತಿಲ ಉದ್ದಕ್ಕೂ ಹುಳುಮನೆ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ, ಗಾಳಿ ಬೆಳಕಿನ ಕೋಣೆ ರೇಷ್ಮೆಹುಳುಗಳದು. ನಾವು ಮಿಕ್ಕ ಜಾಗದಲ್ಲಿ ಕೈಕಾಲು ಮಡಿಸಿಕೊಂಡು ಮಲಗುತ್ತಿದ್ದೆವು. ಗೋಡೆಯುದ್ದಕ್ಕೂ ಒಂದರ ಮೇಲೊಂದು ಬಿದಿರಿನ ತಟ್ಟೆಗಳು. ಇರುವೆ ಹತ್ತಬಾರದೆಂದು ಅವುಗಳ ಅಟ್ಟಣಿಗೆಯ ಕಾಲುಗಳು ನೀರಿನ ಬಟ್ಟಲಿನೊಳಗೆ. ಕೈಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಬೀಡಿ ಹೊಗೆ ತಾಕುವಂತಿಲ್ಲ, ಒಗ್ಗರಣೆಯ ಘಾಟು ತಾಕುವಂತಿಲ್ಲ. ಹುಳು ಇರುವಷ್ಟು ದಿನ ಅಮ್ಮ ಮೆಣಸಿನಕಾಯಿ ಹುರಿಯಬೇಕಾದರೆ ಅಂಗಳದ ತುದಿಯಲ್ಲಿ ಮೂರು ಕಲ್ಲು ಹೂಡಿ, ಗಾಳಿ ಬೀದಿಯ ಕಡೆ ಬೀಸುವವರೆಗೆ ಕಾಯಬೇಕು. ಹಿತಕಿದ ಅವರೆಬೇಳೆ ಸಾರಿನ ದಿನ ಗಾಳಿ ತಿರುಗಲಿಲ್ಲವೆಂದು ಸಪ್ಪೆ ಸಾರೇ ಉಂಡದ್ದುಂಟು. ಬಂದ ನೆಂಟರನ್ನು ಜಗಲಿಯಿಂದ ಆಚೆಗೇ ಮಾತಾಡಿಸಿ ಕಳಿಸುತ್ತಿದ್ದಳು ಅಜ್ಜಿ. ಯಾರು ಬೇಜಾರು ಮಾಡಿಕೊಂಡರೂ ಅವಳಿಗೆ ಲೆಕ್ಕವಿರಲಿಲ್ಲ, ಹುಳು ಬೇಜಾರು ಮಾಡಿಕೊಳ್ಳಬಾರದು, ಅಷ್ಟೆ.

ಅಜ್ಜಿ ಅಂದರೆ ಅಪ್ಪನ ತಾಯಿ, ಗಂಗುಲಮ್ಮ. ಗಡಿಯಾಚೆಯ ತೆಲುಗು ಊರಿನಿಂದ ಮದುವೆಯಾಗಿ ಬಂದವಳು. ನಮ್ಮೊಡನೆ ಕನ್ನಡ ಆಡುತ್ತಿದ್ದಳು, ಹಸುವಿನೊಡನೆ ತೆಲುಗು. ಸಿಟ್ಟು ಬಂದರೆ ನಮ್ಮೊಡನೆಯೂ ತೆಲುಗು. ಅಪ್ಪ, ಚಿಕ್ಕಪ್ಪ ಇಬ್ಬರೂ ಅವಳ ಮಕ್ಕಳು. ಅಮ್ಮ ಮಾಲೂರಿನ ಕಡೆಯವಳು, ಚಿಕ್ಕಮ್ಮ ಶ್ರೀನಿವಾಸಪುರದವಳು. ಮಕ್ಕಳು ಅಂತ ಆಗ ಆ ಮನೆಗೆ ನಾನೊಬ್ಬಳೇ. ಹೆಸರು ನಾರಾಯಣಮ್ಮ, ಕರೆಯುವುದು ನಾರಾಣಿ. ಸೊಪ್ಪು ಕೊಯ್ಯುವ ಕಾಲಕ್ಕೆ ಅಮ್ಮನ ತಮ್ಮ ಚೌಡಪ್ಪ ಮಾವನೂ ಮಾಲೂರಿನಿಂದ ಬಂದು ಸೇರಿಕೊಳ್ಳುತ್ತಿದ್ದ. ಅವನಿಗೆ ಒಂದು ಸೈಕಲ್ ಇತ್ತು, ಎಲ್ಲಿ ಕೂತರೂ ನಿದ್ದೆ ಬರುತ್ತಿತ್ತು. ಇವೆರಡೂ ನನ್ನ ಬಾಳಿನಲ್ಲಿ ಮುಖ್ಯವಾದವು.

ಹುಳುಗಳು ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತವೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಬೆಳೆಯುವ ಹುಳು ಎಲ್ಲವೂ ಹಾಗೆ ಮಾಡಬೇಕು. ಜ್ವರದಲ್ಲಿರುವಾಗ ಅವು ಸೊಪ್ಪು ಮುಟ್ಟುವುದಿಲ್ಲ, ಹಾಕಲೂಬಾರದು. ಅಂದರೆ ಮನೆಗೆ ಸ್ವಲ್ಪ ಬಿಡುವು. ಬಿಡುವು ಅಂದರೆ ಸಿನಿಮಾ. ಮುಳಬಾಗಿಲಿನ ಹೊರಗೆ ಒಂದು ಟೆಂಟು ಇತ್ತು. ಒಂದು ವಾರ ಕನ್ನಡ, ಇನ್ನೊಂದು ವಾರ ತೆಲುಗು. ಒಮ್ಮೆ ಕ್ಲಾಸಿನಲ್ಲಿ ನಾನು ಕೂತಲ್ಲೇ ನಗುತ್ತಿದ್ದದ್ದು ಕಂಡು ಮೇಷ್ಟ್ರು, “ಏನಮ್ಮ ಅಷ್ಟು ಖುಷಿ?” ಎಂದು ಕೇಳಿದರು. “ಮನೇಲಿ ಜ್ವರ ಬಂದೈತೆ ಸಾರ್, ಸಿನಿಮಾಕ್ಕೆ ಹೋಗ್ತೀವಿ” ಎಂದೆ. ಊರಿಗೆ ಹೊಸಬರು, ಪಾಪ. ಸಂಜೆ ಮನೆಗೆ ಬಂದು ಅಪ್ಪನಿಗೆ ಬುದ್ಧಿ ಹೇಳಲು ಹೊರಟಿದ್ದರು.

ಜ್ವರವಿದ್ದರೂ ಹುಳುಮನೆಯನ್ನು ಬಿಟ್ಟು ಎಲ್ಲರೂ ಹೋಗುವ ಹಾಗಿರಲಿಲ್ಲ. ಯಾವ ತಟ್ಟೆಯ ಹುಳು ಯಾವಾಗ ಏಳುತ್ತದೋ, ಏಳುತ್ತಲೇ ಹೊಟ್ಟೆ ಹಸಿದು ಹುಡುಕುತ್ತದೆ. ಆದ್ದರಿಂದ ಒಬ್ಬರು ಹೋಗಬೇಕು, ಬಂದು ಮಿಕ್ಕವರಿಗೆ ಸಿನಿಮಾ ಹೇಳಬೇಕು. ಇದು ಅಜ್ಜಿ ಮಾಡಿದ ಕಾನೂನು. ಮೊದಲು ಚಿಕ್ಕಪ್ಪ ಹೋಗಿಬಂದರಂತೆ. ಬೆಳಗ್ಗೆ ಎಲ್ಲರೂ ಸುತ್ತ ಕೂತು ಕೇಳಿದರೆ, “ಚೆನ್ನಾಗಿತ್ತು” ಎಂದರಂತೆ. ಅಷ್ಟೇ. “ಅಷ್ಟು ದೂರ ಹೋಗಿ ತಂದಿದ್ದು ಇದೊಂದು ಮಾತಾ? ಇದನ್ನ ನಾನು ಇಲ್ಲೇ ಕೂತ್ಕೊಂಡು ಹೇಳ್ತಿದ್ದೆ” ಎಂದು ಅಜ್ಜಿ ಬೈದಳಂತೆ. ಆಮೇಲೆ ಅಮ್ಮ ಹೋಗಿಬಂದಳು. ಅವಳು ಸೀರೆಗಳನ್ನು ಹೇಳಿದಳು, ಅಂಚು, ಸೆರಗು, ರವಿಕೆಯ ತೋಳು ಎಲ್ಲ ಹೇಳಿದಳು, ಕಥೆ ಹೇಳಲಿಲ್ಲ. ಮೂರನೆಯ ಸಲ ನನ್ನನ್ನು ಮಾವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿ ಕಳಿಸಿದರು. ಟೆಂಟಿನ ಮರಳಿನ ಮೇಲೆ ಕೂತ ಮಾವ ಹೆಸರು ತೋರಿಸುವಷ್ಟರಲ್ಲೇ ನಿದ್ದೆ ಹೋದ. ನಾನು ಕಣ್ಣು ಮಿಟುಕಿಸಲಿಲ್ಲ. ಮರುದಿನ ಬೆಳಗ್ಗೆ ಹುಳುಮನೆಯಲ್ಲಿ ಸೊಪ್ಪು ಹೆಚ್ಚುತ್ತ ಎಲ್ಲರೂ ಕೂತಿದ್ದಾಗ, ನಾಯಕ ಕುದುರೆ ಇಳಿದದ್ದರಿಂದ ಹಿಡಿದು ಖಳನಾಯಕ ಬಾವಿಗೆ ಬಿದ್ದವರೆಗೆ, ಬಾವಿಗೆ ಬಿದ್ದ ಸದ್ದಿನ ಸಮೇತ ಹೇಳಿದೆ. ಅಜ್ಜಿ ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದಳು.

“ಇನ್ಮೇಲೆ ಇವಳೇ ಹೋಗೋದು. ಯಾರೂ ಪೈಪೋಟಿಗೆ ಬರಂಗಿಲ್ಲ.”

ಆಮೇಲಿನ ಆ ಬೆಳಗುಗಳ ಹಾಗೆ ನನಗೆ ಯಾವ ಮೆರವಣಿಗೆಯೂ ಆಗಿಲ್ಲ. ನಾನು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಎದುರಿಗೆ ಸೊಪ್ಪಿನ ರಾಶಿ, ರಾಶಿಯ ಸುತ್ತ ಮನೆಮಂದಿ. ಜ್ವರದಿಂದ ಎದ್ದ ಹುಳುಗಳು ಮೇಯುವ ಸದ್ದು, ಟೆಂಟಿನಲ್ಲಿ ಎಲ್ಲರೂ ಒಟ್ಟಿಗೆ ಕಡಲೆಕಾಯಿ ಸುಲಿಯುವ ಹಾಗೆ. ಒಬ್ಬೊಬ್ಬರಿಗೆ ಒಂದೊಂದು ಬೇಕು. ಚಿಕ್ಕಪ್ಪನಿಗೆ ಹೊಡೆದಾಟ ಬೇಕು, ಏಟು ಎಲ್ಲಿ ಬಿತ್ತು ಎಂದು ಅವರ ಮೈಮೇಲೇ ತೋರಿಸಬೇಕು. ಅಪ್ಪನಿಗೆ, ಆ ನಾಯಕ ಹಾಡುತ್ತ ಊರೂರು ತಿರುಗುವಾಗ ಹೊಲಕ್ಕೆ ನೀರು ಹಾಯಿಸುವವರು ಯಾರು ಎಂಬ ಅನುಮಾನ. ಚಿಕ್ಕಮ್ಮನಿಗೆ ಅಳಬೇಕು. ಸಿನಿಮಾದಲ್ಲಿ ಅಳುವಂಥದ್ದು ಇಲ್ಲದಿದ್ದರೆ, “ಅಯ್ಯೋ, ಸ್ವಲ್ಪಾನಾದ್ರೂ ಅತ್ತಿರ್ತಾಳೆ, ನೆನಪಿಸ್ಕೊಳ್ಳೇ” ಎನ್ನುತ್ತಿದ್ದಳು. ಅಜ್ಜಿ ಮಾತ್ರ ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಏನ್ ಉಂಡ್ರು?”

“ಉಣ್ಲಿಲ್ಲಜ್ಜಿ. ತಟ್ಟೆ ಮುಂದೆ ಕೂತ್ರು, ಅಷ್ಟೊತ್ತಿಗೆ ಕಾಗದ ಬಂತು, ಎದ್ದೋದ್ರು.”

“ಸುಳ್ ಸಿನಿಮಾ ಅದು. ಬಡಿಸಿದ ತಟ್ಟೆ ಬಿಟ್ಟು ಎದ್ದೋಗೋರು ಎಲ್ಲಿ ಉದ್ಧಾರ ಆಗ್ತಾರೆ?”

ನನ್ನ ಅಳತೆಗೋಲು ಇವತ್ತಿಗೂ ಅದೇ. ಸೀರಿಯಲ್ಲಿನವರು ಎದುರಿಗೆ ತಿಂಡಿ ಇಟ್ಟುಕೊಂಡು ಮಾತು ಮುಗಿಸಿ ಎದ್ದು ಹೋದರೆ ನನಗೆ ಅವರ ಮೇಲೆ ನಂಬಿಕೆ ಹೋಗುತ್ತದೆ. ಈಚೆಗೆ ಒಂದು ಸಿನಿಮಾದಲ್ಲಿ ಖಳನಾಯಕ ಮುದ್ದೆಯನ್ನು ಸರಿಯಾಗಿ ಮುರಿದು, ಸಾರಿನಲ್ಲಿ ಅದ್ದಿ, ಜಗಿಯದೆ ನುಂಗಿದ. ಅವನು ಕೊನೆಯಲ್ಲಿ ಒಳ್ಳೆಯವನಾಗುತ್ತಾನೆ ಎಂದು ನಾನು ಅಲ್ಲೇ ಹೇಳಿದೆ, ಹಾಗೆಯೇ ಆದ. ಧನ್ಯ ಬೆರಗಾಗಿ, “ಅಜ್ಜೀ, ನೀನು ಮೊದ್ಲೇ ನೋಡಿದ್ಯಾ?” ಎಂದಳು.

ಹೀಗಿದ್ದ ಮನೆಯಲ್ಲಿ ಜಗಳ ಹುಟ್ಟಿದ್ದು ಹಿಪ್ಪುನೇರಳೆ ಕಡ್ಡಿಯಿಂದ. ಚಿಕ್ಕಪ್ಪ ಹುತ್ತೂರಿನ ಕಡೆ ಯಾರದೋ ತೋಟದಲ್ಲಿ ಅಗಲ ಎಲೆಯ ಹೊಸ ಜಾತಿ ನೋಡಿ ಬಂದರು, ಹಳೆಯದನ್ನು ಕಿತ್ತು ಅದನ್ನು ನೆಡೋಣ ಎಂದರು. ಅಪ್ಪ, ತಾನು ನೆಟ್ಟ ಗಿಡ ಕೀಳಲು ಬಿಡುವುದಿಲ್ಲ ಎಂದರು. ಒಂದು ಮಾತಿಗೆ ಇನ್ನೊಂದು ಸೇರಿತು. ನೀನು ಯಾವಾಗಲೂ ಹಾಗೇ ಎಂದು ಇವರು, ನೀನೇನು ಕಡಿಮೆಯೇ ಎಂದು ಅವರು. ಉಣ್ಣಲು ಬೇರೆ ಬೇರೆ ಹೊತ್ತಿಗೆ ಬರತೊಡಗಿದರು. ಅಮ್ಮ, ಚಿಕ್ಕಮ್ಮ ಒಂದೇ ಒಲೆಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ಕೊನೆಗೆ ಪಾಲು ಮಾಡಿಕೊಳ್ಳುವುದೆಂದು ನಿಂತಿತು. ಆಗ ಮನೆಯಲ್ಲಿ ಎಲ್ಲಿ ಕಿವಿಗೊಟ್ಟರೂ ಅದೊಂದೇ ಮಾತು. ಹೊಲದ ಪಾಲು, ಬಾವಿಯ ಪಾಲು, ಹಿತ್ತಾಳೆ ಹಂಡೆ ಯಾರ ಪಾಲಿಗೆ, ಹಸು ಯಾರ ಪಾಲಿಗೆ, ಕರು ಯಾರ ಪಾಲಿಗೆ. ನಾನು ನಿದ್ದೆಯಲ್ಲೂ ಪಾಲು ಪಾಲು ಎನ್ನುತ್ತಿದ್ದೆನಂತೆ. ಅಜ್ಜಿ ಒಂದು ತಿಂಗಳು ಅಪ್ಪನ ಮನೆಯಲ್ಲಿ, ಒಂದು ತಿಂಗಳು ಚಿಕ್ಕಪ್ಪನ ಮನೆಯಲ್ಲಿ ಇರುವುದೆಂದು ಮಾತಾಯಿತು. ಹುಳುಮನೆಗೆ ನಡುವೆ ಒಂದು ಗೋಡೆ ಎತ್ತುವುದೆಂದಾಯಿತು. ಹಸಿ ಇಟ್ಟಿಗೆ ಬಂದು ಹಿತ್ತಿಲಲ್ಲಿ ಒಣಗುತ್ತ ಕೂತವು.

ಆ ಇಟ್ಟಿಗೆಯ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಹೊಲ ಯಾರಿಗಾದರೂ ಹೋಗಲಿ, ಹಂಡೆ ಯಾರಿಗಾದರೂ ಹೋಗಲಿ. ಗೋಡೆ ಎದ್ದರೆ ನನ್ನ ಟೆಂಟೇ ಎರಡು ಹೋಳಾಗುತ್ತದಲ್ಲ! ಹೊಡೆದಾಟವನ್ನು ಯಾರ ಮೈಮೇಲೆ ತೋರಿಸಲಿ? ಅಳಿಸುವುದು ಯಾರನ್ನು? ಚಿಕ್ಕಮ್ಮನಿಗೂ ಅದೇ ಯೋಚನೆ.

“ನೀನು ಆ ಕಡೆ ನಿಂತ್ಕೊಂಡು ಸ್ವಲ್ಪ ಜೋರಾಗಿ ಹೇಳೇ ನಾರಾಣಿ. ನಾನು ಈ ಕಡೆಯಿಂದ ಗೋಡೆಗೆ ಕಿವಿ ಇಟ್ಕೊಂಡು ಕೇಳ್ತೀನಿ.”

“ಅಳೋದು ಬಂದ್ರೆ ಗೋಡೆ ತಟ್ಟಲಾ ಚಿಕ್ಕಮ್ಮ?”

“ತಟ್ಟೇ ನಮ್ಮಮ್ಮ, ತಟ್ಟು” ಎಂದವಳು ಆಗಲೇ ಅತ್ತುಬಿಟ್ಟಳು.

ಊರ ಹಿರಿಯರು ಬಂದು ಗೋಡೆಗೆ ದಾರ ಹಿಡಿಯಬೇಕಾದ ವಾರದಲ್ಲೇ ಹುಳು ಜ್ವರಕ್ಕೆ ಕೂತವು. ಮನೆಯಲ್ಲಿ ಯಾರಿಗೂ ಸಿನಿಮಾ ಬೇಕಿರಲಿಲ್ಲ. ಆದರೂ ಅಜ್ಜಿ, “ಜ್ವರ ಬಂದೈತೆ, ಹುಡ್ಗಿ ಹೋಗ್ಬೇಕು” ಎಂದು ಹಟ ಹಿಡಿದು ನನ್ನನ್ನು ಕಳಿಸಿದಳು. ಆ ವಾರ ತೆಲುಗು, ಅಜ್ಜಿಯ ಬೈಗುಳ ಕೇಳಿ ಕೇಳಿ ನನಗೆ ಅಷ್ಟಿಷ್ಟು ಬರುತ್ತಿತ್ತು. ಮಾವನಿಗೆ ತೆಲುಗು ಬರುವುದಿಲ್ಲ, ಬರುತ್ತಿದ್ದರೂ ಅವನು ಮರಳಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಪರದೆಯ ಮೇಲೆ ನಮ್ಮ ಮನೆಯೇ ನಡೆಯುತ್ತಿತ್ತು. ಗಂಡನಿಲ್ಲದ ತಾಯಿ, ಇಬ್ಬರು ಗಂಡುಮಕ್ಕಳು. ಕೂಲಿನಾಲಿ ಮಾಡಿ ಸಾಕುತ್ತಾಳೆ. ಬೆಳೆದ ಮೇಲೆ ಇಬ್ಬರೂ ಜಗಳವಾಡಿ, ಮನೆಯಂಗಳಕ್ಕೆ ನಡುವೆ ಗೆರೆ ಎಳೆಯುತ್ತಾರೆ, ಕುಡುಗೋಲು ಹಿಡಿದು ಆಚೆ ಒಬ್ಬ ಈಚೆ ಒಬ್ಬ ನಿಲ್ಲುತ್ತಾರೆ. ಆ ತಾಯಿ ತಲೆಗೂದಲು ಬಿಚ್ಚಿಕೊಂಡು ಓಡಿ ಬಂದು, ಗೆರೆಯ ಮೇಲೆ ನಿಂತು, ಎದೆ ಎದೆ ಬಡಿದುಕೊಂಡು ಒಂದು ಮಾತು ಕೇಳುತ್ತಾಳೆ. ಟೆಂಟಿನ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಮೈ ಜುಮ್ಮೆಂದಿತು.

ಬೆಳಗ್ಗೆ ಹುಳುಮನೆಯಲ್ಲಿ ಎಲ್ಲರೂ ಇದ್ದರು. ಅಪ್ಪ ಒಂದು ಮೂಲೆಗೆ, ಚಿಕ್ಕಪ್ಪ ಇನ್ನೊಂದು ಮೂಲೆಗೆ ಮುಖ ಮಾಡಿ ಸೊಪ್ಪು ಹೆಚ್ಚುತ್ತಿದ್ದರು. ನಾನು ಗೋಡೆಗೆ ಒರಗಿ ಶುರು ಮಾಡಿದೆ. ಅಣ್ಣತಮ್ಮಂದಿರ ಜಗಳಕ್ಕೆ ಬಂದಾಗ ಕತ್ತಿಗಳ ಸದ್ದು ನಿಧಾನವಾಯಿತು. ನಾನು ಅಂಗಳದ ಗೆರೆಯನ್ನು ಹುಳುಮನೆಯ ನೆಲದ ಮೇಲೆ ಕಾಲಬೆರಳಿನಿಂದ ಎಳೆದೆ. ಕೂದಲು ಬಿಚ್ಚಿದೆ. ಎದೆ ಬಡಿದುಕೊಂಡು ಕೂಗಿದೆ.

“ನಿಮ್ಮಿಬ್ರಿಗೂ ಎಲ್ಲಾ ಬಂತು. ನನ್ನ ಪಾಲು ಏನಾಯ್ತ್ರೋ?”

ಚಿಕ್ಕಮ್ಮ ಅಳುವುದನ್ನೇ ಮರೆತು ಕೂತಳು. ಅಪ್ಪ ಹೆಚ್ಚಿದ ಸೊಪ್ಪನ್ನೇ ಮತ್ತೆ ಹೆಚ್ಚುತ್ತಿದ್ದರು. ಚಿಕ್ಕಪ್ಪ ಕತ್ತಿ ಬಿಟ್ಟು ಎದ್ದು, ಕಥೆ ಮುಗಿಯುವ ಮುಂಚೆಯೇ ಹೊರಗೆ ಹೋದರು. ನನ್ನ ಸಿನಿಮಾ ನಡುವೆ ಯಾರಾದರೂ ಎದ್ದು ಹೋದದ್ದು ಅದೇ ಮೊದಲು. ನನಗೆ ಅಳು ಬಂತು.

ಮಧ್ಯಾಹ್ನ ಅಜ್ಜಿ ಸೊಪ್ಪಿನ ತೋಟಕ್ಕೆ ನನ್ನನ್ನು ಕರೆದುಕೊಂಡು ಹೋದಳು. ನಾಲ್ಕು ಎಲೆ ಕಿತ್ತವಳು, ಆಚೆ ಈಚೆ ನೋಡಿ ಕೇಳಿದಳು.

“ಆಯಮ್ಮ ಏನಂತ ಕೂಗಿದ್ಳು? ತೆಲುಗಲ್ಲೇ ಹೇಳು.”

“ನಾ ಪಾಲು ಏಮಯ್ಯಾಯಿರಾ, ಅಂತ.”

“ಏಮೈಂದಿರಾ ಅಂದ್ಳಾ, ಏಮಯ್ಯಾಯಿರಾ ಅಂದ್ಳಾ? ಸರ್ಯಾಗಿ ನೆನಪು ಮಾಡ್ಕೋ.”

“ಏಮಯ್ಯಾಯಿರಾ. ನನ್ನ ಕಿವಿಯಾರೆ ಕೇಳಿದೀನಿ.”

ಅಜ್ಜಿ ಕೆಮ್ಮಿದಳು. ಕೆಮ್ಮು ಎಂದುಕೊಂಡೆ, ನೋಡಿದರೆ ನಗು. ಸೊಪ್ಪಿನ ಬುಟ್ಟಿಯನ್ನು ಹಿಡಿದುಕೊಂಡು, ಗಿಡದ ಬುಡದಲ್ಲಿ ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನನ್ನ ತೆಲುಗಿನ ಉಚ್ಚಾರಕ್ಕೆ ನಗುತ್ತಿದ್ದಾಳೆ ಎಂದು ನನಗೆ ಸಿಟ್ಟು ಬಂತು. ಅವಳು ನನ್ನ ಗಲ್ಲ ಹಿಡಿದುಕೊಂಡಳು.

“ನಾ ಬಂಗಾರು ತಲ್ಲೀ, ಎಷ್ಟ್ ಚೆನ್ನಾಗಿ ಕೇಳಿಸ್ಕೊಂಡಿದೀಯೇ! ನೀನು ಹೇಳ್ದಂಗೇ ಇರ್ಲಿ. ಯಾರು ಕೇಳಿದ್ರೂ ಕನ್ನಡದಲ್ಲೇ ಹೇಳು. ತೆಲುಗು ನನ್ನ ಹತ್ರ ಇರ್ಲಿ, ಕನ್ನಡ ನಿನ್ನ ಹತ್ರ ಇರ್ಲಿ.”

ಅಜ್ಜಿ ಹೀಗೆಲ್ಲ ಒಗಟಾಗಿ ಮಾತಾಡುವವಳಲ್ಲ. ಆದರೆ ಹೊಗಳಿದಳಲ್ಲ, ನನಗೆ ಅಷ್ಟು ಸಾಕಾಯಿತು.

ದಾರ ಹಿಡಿಯುವ ದಿನ ಹಿರಿಯರಾದ ನಂಜುಂಡಪ್ಪನವರು ಇನ್ನಿಬ್ಬರ ಜೊತೆ ಬಂದರು. ಅಜ್ಜಿ ಅವರಿಗೂ ಕೈಕಾಲು ತೊಳೆಸಿಯೇ ಒಳಗೆ ಬಿಟ್ಟಳು. ಹೊಲ, ಬಾವಿ, ಹಸು ಎಲ್ಲವನ್ನೂ ಇನ್ನೊಮ್ಮೆ ಹೇಳಿ ಒಪ್ಪಿಸಿದ ನಂಜುಂಡಪ್ಪನವರು, “ಎಲ್ಲಾ ಸರಿಹೋಯ್ತಲ್ಲಮ್ಮ, ಇನ್ನು ಗೋಡೆ ಗುರುತು ಹಾಕೋಣ್ವಾ?” ಎಂದರು. ಅಜ್ಜಿ ಕೋಣೆಯ ನಡುವೆ, ನಾನು ಗೆರೆ ಎಳೆದಿದ್ದ ಕಡೆಯೇ ಕೂತಿದ್ದಳು. ಕೂದಲು ಬಿಚ್ಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹುಳುಗಳಿಗೆ ಕೇಳಿಸಬಾರದು ಎನ್ನುವಷ್ಟು ಮೆಲ್ಲಗೆ ಕೇಳಿದಳು.

“ನನ್ನ ಪಾಲು ಏನಾಯ್ತ್ರೋ?”

ಚಿಕ್ಕಪ್ಪನ ಕೈಯಿಂದ ದಾರದ ಉಂಡೆ ಜಾರಿತು.

“ನಿನಗ್ಯಾಕಮ್ಮ ಪಾಲು? ಒಂದ್ ತಿಂಗ್ಳು ಅಣ್ಣನ ಹತ್ರ, ಒಂದ್ ತಿಂಗ್ಳು ನನ್ನ ಹತ್ರ, ಅಂತ ಆಗೈತಲ್ಲ.”

“ಅದು ನನ್ನನ್ನ ನೀವು ಪಾಲ್ ಮಾಡ್ಕೊಂಡಿದ್ದು. ನನಗೆ ಪಾಲೇನು ಅಂತ ನಾನು ಕೇಳ್ತಿರೋದು.”

ನಂಜುಂಡಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಮತ್ತೆ ಹಾಕಿಕೊಂಡರು. “ಅದೂ ಸರೀನೇ. ಏನ್ ಬೇಕು ಹೇಳಮ್ಮ” ಎಂದರು.

“ಈ ಹುಳುಮನೆ ನಂದು. ಗೋಡೆ ಇಲ್ದೆ, ಇರೋ ಹಂಗೇ. ಇವ್ರಿಬ್ರೂ ಇಲ್ಲೇ ಹುಳು ಸಾಕ್ಕೊಳ್ಳಿ, ನಾನು ಬೇಡ ಅನ್ನಲ್ಲ. ಆದ್ರೆ ಕೈಕಾಲು ತೊಳ್ಕೊಂಡು ಬರ್ಬೇಕು. ಸೊಪ್ಪು ಎಲ್ಲಾರೂ ಒಟ್ಟಿಗೆ ಕೂತು ಹೆಚ್ಬೇಕು.” ಚಿಕ್ಕಪ್ಪನ ಕಡೆ ತಿರುಗಿದಳು. “ಹುಡ್ಗಿ ಕಥೆ ಹೇಳೋವಾಗ ಯಾರೂ ನಡುವೆ ಎದ್ದೋಗಂಗಿಲ್ಲ.”

ಅಪ್ಪ, “ಆಯ್ತಮ್ಮ” ಎಂದರು. ಚಿಕ್ಕಪ್ಪ ದಾರದ ಉಂಡೆ ಎತ್ತಿಕೊಂಡು, ನನ್ನ ಹತ್ತಿರ ಬಂದು ಕೇಳಿದರು.

“ಆಮೇಲೆ ಏನಾಯ್ತೇ? ಹೊಡೆದಾಡಿದ್ರಾ, ಇಲ್ವಾ?”

ಹೊಲ ಬೇರೆಯಾಯಿತು, ಒಲೆ ಬೇರೆಯಾಯಿತು, ಅಡುಗೆಮನೆಗೆ ಎರಡು ಬಾಗಿಲಾಯಿತು. ಹುಳುಮನೆ ಮಾತ್ರ ಹಾಗೆಯೇ ಉಳಿಯಿತು. ಒಣಗಿದ ಇಟ್ಟಿಗೆಯಲ್ಲಿ ಚಿಕ್ಕಪ್ಪ ಕೋಳಿಗೂಡು ಕಟ್ಟಿದರು. ಆ ಸಿನಿಮಾದಲ್ಲಿ ತಾಯಿ ಕೊನೆಗೆ ಮಕ್ಕಳ ನಡುವೆ ಬಿದ್ದು ಪ್ರಾಣ ಬಿಡುತ್ತಾಳೆ. ನಮ್ಮ ಅಜ್ಜಿ ಮನೆಯಲ್ಲೇ ಒಳ್ಳೆಯ ಕೋಣೆಯನ್ನು ಗಿಟ್ಟಿಸಿಕೊಂಡು, ಸಂಜೆಗೆ ಹುರುಳಿ ಬಸ್ಸಾರು ಮಾಡಿಸಿಕೊಂಡು ಉಂಡಳು. ಯಾರು ಏನೇ ಹೇಳಲಿ, ಕ್ಲೈಮ್ಯಾಕ್ಸು ನಮ್ಮದೇ ಚೆನ್ನಾಗಿತ್ತು.

ಅಂದಿನಿಂದ ಈ ಕೋಣೆಗೆ ಅಜ್ಜಿ ಪಾಲು ಎಂದೇ ಹೆಸರು. ನಾನು ಒಬ್ಬಳೇ ಮಗಳಾದ್ದರಿಂದ ನನ್ನ ಗಂಡ ಮನೆಅಳಿಯನಾಗಿ ಬಂದರು, ನಾನು ಈ ಕೋಣೆಯನ್ನು ಬಿಟ್ಟು ಹೋಗಲೇ ಇಲ್ಲ. ಚಿಕ್ಕಪ್ಪನಿಗೆ ಆಮೇಲೆ ಮಂಜುನಾಥ ಹುಟ್ಟಿದ. ಈಗ ಹುಳು ಸಾಕಲು ತೋಟದಲ್ಲೇ ಬೇರೆ ಶೆಡ್ಡು ಇದೆ. ಎರಡೂ ಮನೆಯಲ್ಲಿ ಒಂದೊಂದು ಟೀವಿ ಇದೆ. ಆದರೂ ಏಳು ಗಂಟೆಯ ಸೀರಿಯಲ್ಲಿಗೆ ಎರಡೂ ಮನೆಯವರು ತಟ್ಟೆ ಹಿಡಿದುಕೊಂಡು ಇಲ್ಲಿಗೇ ಬರುತ್ತಾರೆ. ಮಕ್ಕಳು ಹಾಲಿನ ಲೋಟ ಹಿಡಿದು ಕುಡಿಯದೆ ಸತಾಯಿಸುವುದೂ ಇಲ್ಲೇ. ಇವತ್ತಿಗೂ ಕೈಕಾಲು ತೊಳೆಯದೆ ಯಾರೂ ಬರುವಂತಿಲ್ಲ. ಹುಳುವೇ ಇಲ್ಲವಲ್ಲ, ಇನ್ನು ಯಾಕೆ ಎಂದು ಯಾರೂ ಕೇಳಿಲ್ಲ.

ಕಳೆದ ಭಾನುವಾರ ಧನ್ಯ ಚಾನೆಲ್ ತಿರುಗಿಸುತ್ತಿದ್ದಳು. ಒಂದು ಹಳೆಯ ತೆಲುಗು ಸಿನಿಮಾ ಬಂತು, ಬಣ್ಣವಿಲ್ಲದ್ದು. ಅಂಗಳ, ಗೆರೆ, ಕುಡುಗೋಲು ಹಿಡಿದ ಇಬ್ಬರು. ನಾನು ಕೂತಲ್ಲಿಂದ ಎದ್ದುಬಿಟ್ಟೆ. “ತಿರುಗಿಸ್ಬೇಡ್ವೇ! ಅದೇ ಸಿನಿಮಾ! ಮಂಜೂ, ಓಡಿ ಬಾರೋ, ನಮ್ಮ ಸಿನಿಮಾ ಬಂದೈತೆ!” ಎಂದು ಕೂಗಿದ ಕೂಗಿಗೆ ಮಂಜುನಾಥ, ಅವನ ಹೆಂಡತಿ, ನನ್ನ ಮಗ, ಸೊಸೆ ಸರಳ ಎಲ್ಲ ಓಡಿ ಬಂದರು. ಈ ಕಥೆ ಕೇಳದವರು ನಮ್ಮ ಎರಡು ಮನೆಯಲ್ಲಿ ಯಾರಿದ್ದಾರೆ? ತಾಯಿ ಕೂದಲು ಬಿಚ್ಚಿಕೊಂಡು ಓಡಿ ಬಂದಳು. ನಾನು ಧನ್ಯಳ ತೋಳು ಹಿಡಿದುಕೊಂಡೆ. “ಈಗ ಕೇಳು, ಈಗ ತನ್ನ ಪಾಲು ಕೇಳ್ತಾಳೆ ನೋಡು” ಎಂದೆ. ಆಕೆ ಎದೆ ಬಡಿದುಕೊಂಡು ಕೂಗಿದಳು, ನಾ ಪಾಲು ಏಮಯ್ಯಾಯಿರಾ. ನನ್ನ ಕಣ್ಣು ತುಂಬಿತು. ಧನ್ಯ ಕಿಸಕ್ಕನೆ ನಕ್ಕಳು. ಅವಳ ತಾಯಿ ಸರಳ ಗಡಿಯಂಚಿನ ಊರಿನವಳು, ತಾಯಿ ಮಗಳು ತೆಲುಗಿನಲ್ಲೇ ಜಗಳವಾಡುತ್ತಾರೆ.

“ಅಜ್ಜೀ, ಪಾಲು ಅಂದ್ರೆ ಹಾಲು! ನಿಮಗೆ ಕುಡಿಸಿದ ನನ್ನ ಹಾಲು ಏನಾಯ್ತ್ರೋ ಅಂತಿದಾಳೆ.”

“ಹೋಗೇ. ಹಾಲು ಅಂತ ನನಗೂ ಗೊತ್ತು. ಇದು ಆ ಪಾಲಲ್ಲ.”

“ಅಲ್ಲ ಅತ್ತೆ, ಧನ್ಯ ಹೇಳಿದ್ದೇ ಸರಿ,” ಎಂದಳು ಸರಳ. “ತೆಲುಗಲ್ಲಿ ಹಾಲು ಬಹುವಚನ, ಅದಕ್ಕೇ ಏಮಯ್ಯಾಯಿ ಅಂತೀವಿ. ನೀವು ಹೇಳೋ ಪಾಲಾಗಿದ್ರೆ ಏಮೈಂದಿ ಅನ್ಬೇಕಾಗಿತ್ತು.”

ನನಗೆ ಥಟ್ಟನೆ ಸೊಪ್ಪಿನ ತೋಟ ಕಂಡಿತು. ಏಮೈಂದಿರಾ ಅಂದ್ಳಾ, ಏಮಯ್ಯಾಯಿರಾ ಅಂದ್ಳಾ ಎಂದು ಕೇಳಿ, ಬುಟ್ಟಿ ಹಿಡಿದುಕೊಂಡು ನಕ್ಕ ಅಜ್ಜಿ ಕಂಡಳು. ಅವಳಿಗೆ ಗೊತ್ತಿತ್ತು! ಮೊದಲಿಂದ ಗೊತ್ತಿತ್ತು! ಹುಡುಗಿ ಹಾಲನ್ನು ಪಾಲು ಮಾಡಿ ತಂದಿದ್ದಾಳೆ ಎಂದು ಗೊತ್ತಿದ್ದೂ, ತೆಲುಗನ್ನು ತನ್ನ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡು, ನನ್ನ ಕನ್ನಡವನ್ನು ಕೈಗೆತ್ತಿಕೊಂಡು ಹೋಗಿ ಹಿರಿಯರ ಮುಂದೆ ಕೂತಿದ್ದಳು. ಸಾಯುವವರೆಗೆ ನನಗೂ ಬಿಟ್ಟುಕೊಡಲಿಲ್ಲ. ಈ ಮನೆಯ ಕಥೆಗಾರ್ತಿ ನಾನು ಎಂದು ಇಷ್ಟು ವರ್ಷ ಬೀಗಿದೆನಲ್ಲ! ನಾನು ನಗತೊಡಗಿದೆ. ನಿಲ್ಲಿಸಲಾಗಲಿಲ್ಲ. ವಿಷಯ ತಿಳಿದ ಮೇಲೆ ಉಳಿದವರೂ ಹೊಟ್ಟೆ ಹಿಡಿದುಕೊಂಡರು. ಟೀವಿಯಲ್ಲಿ ಆ ತಾಯಿ ಪ್ರಾಣ ಬಿಡುತ್ತಿದ್ದಳು, ನೋಡುವವರು ಯಾರೂ ಇರಲಿಲ್ಲ.

“ಹಂಗಾದ್ರೆ ಅಕ್ಕಾ,” ಎಂದ ಮಂಜುನಾಥ, ಕಣ್ಣೊರೆಸಿಕೊಳ್ಳುತ್ತ, “ಈ ಕೋಣೆ ಅಜ್ಜಿ ಪಾಲು ಅನ್ನೋದೇ ಲೆಕ್ಕಕ್ಕೆ ಬರಲ್ಲ. ನಾಳೆ ಇಟ್ಟಿಗೆ ತರಿಸ್ಲಾ?”

“ತರ್ಸು ನೋಡೋಣ. ಏಳು ಗಂಟೆಗೆ ಎಲ್ಲಿ ಹೋಗಿ ಕೂತ್ಕೋತೀಯ?”

“ಗೋಡೆಗೆ ಕಿವಿ ಇಟ್ಕೊಂಡು ಕೇಳ್ತೀನಿ, ನಮ್ಮಮ್ಮನ ತರ.”

ಧನ್ಯ ಇದ್ದಕ್ಕಿದ್ದಂತೆ ಎದ್ದು ಅಡುಗೆಮನೆಗೆ ಹೋದಳು. ತಾನು ಅರ್ಧ ಕುಡಿದು ಬಿಟ್ಟಿದ್ದ ಹಾಲಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಕೋಣೆಯ ನಡುವೆ, ಗೋಡೆ ಬರಬೇಕಾಗಿದ್ದ ಜಾಗದಲ್ಲಿ ನನ್ನ ಮುಂದೆ ನಿಂತಳು.

“ತಗೋ ಅಜ್ಜೀ,” ಎಂದಳು. “ನಿನ್ನ ಪಾಲು.”